ರೋಗಾಣುವಿನ ಬುತ್ತಿ



ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು. ಅದರ ಬಗ್ಗೆಯೇ ಮಾತಾಡಿ ಅಂದರು. ಆದರೆ ವಿಜಯನಗರದ ಯಾವ ಬೀದಿಗೆ ಹೋದರೂ ನನ್ನಂಥವರು ನಾಲ್ಕು ಜನ ಸಿಗುತ್ತಾರೆ. ಅದಕ್ಕೇ ಬೇರೆ ವಿಷಯ ಆರಿಸಿಕೊಂಡೆ: ರೋಗಾಣುವಿನ ಒಳಗುಟ್ಟು ಹಿಡಿದು ಔಷಧಿ ಹುಡುಕುವುದು ಹೇಗೆ? ಇದು ನಡೆದದ್ದು ದೂರದಲ್ಲೇನಲ್ಲ. ರಾಜಾಜಿನಗರ ದಾಟಿ ಯಶವಂತಪುರದ ಕಡೆ ಹೋದರೆ ಸಿಗುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ನಮ್ಮ ಹಿರಿಯರ ಬಾಯಲ್ಲಿ ಅದು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್.

ಮಲೇರಿಯಾ ತರುವ ಪ್ಲಾಸ್ಮೋಡಿಯಂ ನಮ್ಮ ಕೆಂಪು ರಕ್ತಕಣದೊಳಗೆ ಹೊಕ್ಕು ಹಿಮೋಗ್ಲೋಬಿನ್ ತಿನ್ನುತ್ತದೆ. ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣವಿರುವ ಭಾಗಕ್ಕೆ ಹೀಮ್ ಎಂದು ಹೆಸರು. ತಿಂದ ಮೇಲೆ ಉಳಿಯುವ ಹೀಮ್ ರೋಗಾಣುವಿಗೇ ವಿಷ. ಅದನ್ನು ಕಪ್ಪು ಹರಳಾಗಿಸಿ ಒಂದು ಮೂಲೆಗೆ ಹಾಕಿ ಬದುಕಿಕೊಳ್ಳುತ್ತದೆ. ಕ್ಲೋರೋಕ್ವಿನ್ ಮಾತ್ರೆ ಆ ಹರಳುಗಟ್ಟುವುದನ್ನು ತಡೆಯುತ್ತದೆ; ರೋಗಾಣು ತನ್ನ ಊಟದ ಕಸದಿಂದಲೇ ಸಾಯುತ್ತದೆ. ಆದರೆ ಫಾಲ್ಸಿಪೇರಂ ಎಂಬ ಅಪಾಯಕಾರಿ ಜಾತಿ ಕ್ಲೋರೋಕ್ವಿನ್‌ಗೆ ಬಗ್ಗದಂತಾಯಿತು. ಔಷಧಿಗೆ ಹೊಸ ಗುರಿ ಬೇಕಾಯಿತು.

1992ರಲ್ಲಿ ನಮಿತಾ ಸುರೋಲಿಯಾ ಮತ್ತು ಜಿ. ಪದ್ಮನಾಭನ್ ಒಂದು ವಿಚಿತ್ರ ಸಂಗತಿ ಪ್ರಕಟಿಸಿದರು. ಸುತ್ತ ಅಷ್ಟೊಂದು ಹೀಮ್ ಇದ್ದರೂ ಈ ರೋಗಾಣು ತನ್ನ ಹೀಮ್ ಅನ್ನು ತಾನೇ ತಯಾರಿಸುತ್ತದೆ! ಮದುವೆಮನೆ ಪಂಕ್ತಿಯಲ್ಲಿ ಕೂತವನು ಬುತ್ತಿ ಬಿಚ್ಚಿದ ಹಾಗೆ. ಈ ತಯಾರಿಕೆ ಎಂಟು ಹಂತದ್ದು, ಹಂತಕ್ಕೊಂದು ಕಿಣ್ವ. ಒಂದು ಕಿಣ್ವವನ್ನು ತಡೆಯುವ ರಾಸಾಯನಿಕ ಹಾಕಿದಾಗ ಪ್ರಯೋಗಾಲಯದಲ್ಲಿ ಬೆಳೆಸಿದ ರೋಗಾಣುಗಳು ಸತ್ತವು. ಒಳ್ಳೆಯ ಗುರಿ ಸಿಕ್ಕಿತು ಎನ್ನಿಸುವುದು ಸಹಜ.

ನಮ್ಮ ಕೆಲಸದಲ್ಲಿ ಒಂದು ತುಂಡು ಕೋಡ್ ಬೇಕೋ ಬೇಡವೋ ತಿಳಿಯಬೇಕಾದರೆ ಅದನ್ನು ತೆಗೆದುಹಾಕಿ ಓಡಿಸಿ ನೋಡುತ್ತೇವೆ. ಪದ್ಮನಾಭನ್ ಅವರ ತಂಡವೂ ಹಾಗೇ ಮಾಡಿತು. ರಾಸಾಯನಿಕ ಒಂದೇ ಕಿಣ್ವವನ್ನು ತಡೆಯುತ್ತದೆ ಎನ್ನಲು ಖಾತರಿಯಿಲ್ಲ; ಆದ್ದರಿಂದ ಇಲಿಗೆ ಮಲೇರಿಯಾ ತರುವ ಜಾತಿಯಲ್ಲಿ ಹೀಮ್ ತಯಾರಿಸುವ ವಂಶವಾಹಿಯನ್ನೇ ಅಳಿಸಿದರು. 2013ರಲ್ಲಿ ಬಂದ ಫಲಿತಾಂಶ: ರಕ್ತದಲ್ಲಿ ರೋಗಾಣು ಆರಾಮವಾಗಿ ಬದುಕಿತು! ಬುತ್ತಿ ಇಲ್ಲದಿದ್ದರೆ ಪಂಕ್ತಿಯ ಊಟವೇ ಸಾಕು. ಆದರೆ ಸೊಳ್ಳೆಯ ಹೊಟ್ಟೆಯಲ್ಲಿ ಅದರ ಬೆಳವಣಿಗೆ ಕೆಟ್ಟಿತು. ಪಿತ್ತಜನಕಾಂಗದಲ್ಲಿ, ಅಂದರೆ ಲಿವರ್‌ನಲ್ಲಿಯೂ ಅದಕ್ಕೆ ಸ್ವಂತ ಹೀಮ್ ಬೇಕೇ ಬೇಕು.

ಇಪ್ಪತ್ತು ವರ್ಷ ನೆಚ್ಚಿಕೊಂಡ ಗುರಿ ರಕ್ತದಲ್ಲಿ ಕೆಲಸಕ್ಕೆ ಬಾರದು ಎಂದು ಅವರೇ ಪರೀಕ್ಷಿಸಿ, ಅವರೇ ಬರೆದರು. ನನ್ನ ಲೆಕ್ಕದಲ್ಲಿ ಇದು 1992ರದ್ದಕ್ಕಿಂತ ದೊಡ್ಡ ಕೆಲಸ. ಸೋಪು, ಟೂತ್‌ಪೇಸ್ಟಿಗೆ ಹಾಕುತ್ತಿದ್ದ ಟ್ರೈಕ್ಲೋಸಾನ್ ಕಥೆಯೂ ಹೀಗೇ. ಅದು ಮಲೇರಿಯಾ ರೋಗಾಣುವಿನ ಕೊಬ್ಬಿನಾಮ್ಲ ತಯಾರಿಕೆಯನ್ನು ತಡೆಯುತ್ತದೆ ಎಂದು 2001ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿದ್ದ ನಮಿತಾ ಮತ್ತು ಟಾಟಾ ಇನ್‌ಸ್ಟಿಟ್ಯೂಟಿನ ಅವಧೇಶ ಸುರೋಲಿಯಾ ತೋರಿಸಿದ್ದರು. ಆ ತಯಾರಿಕೆಯೂ ಮುಖ್ಯವಾಗಿ ಬೇಕಾಗಿರುವುದು ಲಿವರ್‌ನಲ್ಲಿ ಎಂದು ಆಮೇಲೆ ಬೇರೆ ತಂಡಗಳು ಕಂಡುಕೊಂಡವು.

ಲಿವರ್ ಯಾಕೆ ಮುಖ್ಯ? ಸೊಳ್ಳೆ ಕಚ್ಚಿದಾಗ ರೋಗಾಣು ಮೊದಲು ಹೋಗುವುದು ಅಲ್ಲಿಗೇ. ವೈವಾಕ್ಸ್ ಜಾತಿಯದಂತೂ ಅಲ್ಲಿ ತಿಂಗಳುಗಟ್ಟಲೆ ಅಡಗಿದ್ದು ಮತ್ತೆ ಜ್ವರ ತರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಕ್ಲೋರೋಕ್ವಿನ್ 3 ದಿನ, ಪ್ರೈಮಾಕ್ವಿನ್ 14 ದಿನ ಕೊಡುವುದು ಇದಕ್ಕೇ. ಜ್ವರ ಬೇಗ ಇಳಿಯುತ್ತದೆ, ಮಿಕ್ಕ ಮಾತ್ರೆಗಳು ಗೂಡಿನಲ್ಲೇ ಉಳಿಯುತ್ತವೆ. ಮಕ್ಕಳೇ, ಮನೆಯಲ್ಲಿ ಯಾರಾದರೂ ಹಾಗೆ ಬಿಟ್ಟರೆ ಜಗಳವಾಡಿಯಾದರೂ ನುಂಗಿಸಿ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರಿಗೆ ಪ್ರೈಮಾಕ್ವಿನ್ ರಕ್ತಕಣಗಳನ್ನೇ ಒಡೆಯಬಹುದು, ಗರ್ಭಿಣಿಯರಿಗಂತೂ ಕೊಡುವಂತಿಲ್ಲ. ಹೀಮ್ ತಯಾರಿಕೆಯನ್ನು ತಡೆದು ರೋಗಾಣುವನ್ನು ಲಿವರ್‌ನಲ್ಲೇ ನಿಲ್ಲಿಸುವ ಮಾತ್ರೆ ಇನ್ನೂ ಬಂದಿಲ್ಲ.