ತಾಯಿಯ ಔಷಧವೂ ಮಗಳ ಅರ್ಬುದವೂ



ಔಷಧವು ತನ್ನ ಗುಣವನ್ನಾಗಲಿ ದೋಷವನ್ನಾಗಲಿ ಸೇವಿಸಿದವರ ದೇಹದಲ್ಲಿಯೇ ತೋರಿಸಿ ಮುಗಿಯುವುದೆಂಬುದು ಲೋಕದ ಸಾಮಾನ್ಯ ನಂಬುಗೆ. ತಾಯಿಯು ಗರ್ಭಿಣಿಯಾಗಿದ್ದಾಗ ನುಂಗಿದ ಗುಳಿಗೆಯು ಇಪ್ಪತ್ತು ವರ್ಷಗಳ ತರುವಾಯ ಮಗಳ ದೇಹದಲ್ಲಿ ಅರ್ಬುದವಾಗಿ, ಅಂದರೆ ಎಲ್ಲರೂ ಕ್ಯಾನ್ಸರ್ ಎಂದು ಕರೆಯುವ ರೋಗವಾಗಿ, ತಲೆಯೆತ್ತಬಹುದೆಂಬ ಸಂಗತಿಯು 1971ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಬೆಳಕಿಗೆ ಬಂದಿತು. ಇದು ವೈದ್ಯರಿಗಷ್ಟೇ ಅಲ್ಲ, ಮನೆಮನೆಯ ಗೃಹಿಣಿಯರಿಗೂ ತಿಳಿದಿರತಕ್ಕ ವೃತ್ತಾಂತವು.

ಆ ಔಷಧದ ಹೆಸರು ಡೈಈಥೈಲ್‌ಸ್ಟಿಲ್‌ಬೆಸ್ಟ್ರಾಲ್. ನಾಲಿಗೆಗೆ ತೊಡಕಾದುದರಿಂದ ಡಿ.ಇ.ಎಸ್. ಎಂದೇ ರೂಢಿ. ಸ್ತ್ರೀದೇಹದಲ್ಲಿ ಸಹಜವಾಗಿ ಉಂಟಾಗುವ ಈಸ್ಟ್ರೊಜೆನ್ ಎಂಬ ಹಾರ್ಮೋನಿನ ಕಾರ್ಯವನ್ನು ಮಾಡಬಲ್ಲ ಈ ಕೃತಕ ವಸ್ತುವನ್ನು 1938ರಲ್ಲಿ ಲಂಡನ್ನಿನ ಚಾರ್ಲ್ಸ್ ಡಾಡ್ಸ್ ಎಂಬ ವಿಜ್ಞಾನಿಯೂ ಅವರ ಸಹಕಾರಿಗಳೂ ಸಿದ್ಧಪಡಿಸಿದರು. ಅವರು ಅದಕ್ಕೆ ಪೇಟೆಂಟ್ ಹಕ್ಕನ್ನು ಪಡೆಯಲಿಲ್ಲ. ಉದಾರವಾದ ನಡತೆಯೇ ಸರಿ. ಆದರೆ ತಯಾರಿಕೆ ಸುಲಭ, ಬೆಲೆ ಅಗ್ಗ, ಹಕ್ಕು ಯಾರದೂ ಅಲ್ಲ ಎಂದಾದ ಮೇಲೆ ಅನೇಕ ಕಂಪೆನಿಗಳು ಬೇರೆ ಬೇರೆ ಹೆಸರುಗಳಿಂದ ಅದನ್ನು ಮಾರತೊಡಗಿದುವು. 1941ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಚಾರ್ಲ್ಸ್ ಹಗಿನ್ಸ್ ಅವರು, ಪುರುಷರಿಗೆ ಬರುವ ಪ್ರಾಸ್ಟೇಟ್ ಗ್ರಂಥಿಯ ಅರ್ಬುದವು ಇಂಥ ಹಾರ್ಮೋನಿನಿಂದ ಕುಗ್ಗುವುದೆಂದು ತೋರಿಸಿದರು. ಹಾರ್ಮೋನು ಚಿಕಿತ್ಸೆಯ ಆ ಶೋಧನೆಗಾಗಿ 1966ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಒಂದು ಅರ್ಬುದಕ್ಕೆ ಮದ್ದಾದ ವಸ್ತುವೇ ಇನ್ನೊಂದಕ್ಕೆ ಬೀಜವಾದುದು ವಿಚಿತ್ರವಾದರೂ ನಿಜ.

ಇದೇ ಔಷಧವು ಗರ್ಭಸ್ರಾವವನ್ನು ತಡೆಯುವುದೆಂದು ಬಾಸ್ಟನ್ನಿನ ಜಾರ್ಜ್ ಸ್ಮಿತ್ ಮತ್ತು ಆಲಿವ್ ಸ್ಮಿತ್ ದಂಪತಿಗಳು 1940ರ ದಶಕದಲ್ಲಿ ಪ್ರತಿಪಾದಿಸಿದರು. ಹೊಟ್ಟೆಯ ಕೂಸನ್ನು ಒಮ್ಮೆ ಕಳೆದುಕೊಂಡ ತಾಯಿಯು ವೈದ್ಯರು ಕೊಟ್ಟುದನ್ನು ಬೇಡವೆನ್ನುವಳೇ? ಔಷಧವು ಎಲ್ಲೆಡೆಗೂ ಹಬ್ಬಿತು. 1953ರಲ್ಲಿ ಷಿಕಾಗೋದ ಡೀಕ್‌ಮನ್ ಮೊದಲಾದವರು 840 ಮಂದಿ ಗರ್ಭಿಣಿಯರಿಗೆ ಡಿ.ಇ.ಎಸ್. ಅನ್ನೂ, 806 ಮಂದಿಗೆ ನೋಡಲು ಅದರಂತೆಯೇ ಇದ್ದು ಯಾವ ಸತ್ವವೂ ಇಲ್ಲದ ಗುಳಿಗೆಯನ್ನೂ ಕೊಟ್ಟು ಹೋಲಿಸಿದ ಫಲವನ್ನು ಪ್ರಕಟಿಸಿದರು. ಗರ್ಭಸ್ರಾವವು ಎಳ್ಳಷ್ಟೂ ಕಡಮೆಯಾಗಿರಲಿಲ್ಲ. ಆದರೂ ಮುಂದಿನ 18 ವರ್ಷಗಳ ಕಾಲ ಅದೇ ಔಷಧವನ್ನು ಗರ್ಭಿಣಿಯರಿಗೆ ಕೊಡುತ್ತಲೇ ಇದ್ದರು. ಈ ವೃತ್ತಾಂತದಲ್ಲಿ ಕ್ಷಮೆಗೆ ಅರ್ಹವಲ್ಲದ ಭಾಗವಿದೇ. ಅದರ ಕೇಡು ಆಗ ಯಾರಿಗೂ ತಿಳಿದಿರಲಿಲ್ಲ, ಒಪ್ಪತಕ್ಕ ಮಾತು. ಅದರಿಂದ ಪ್ರಯೋಜನವಿಲ್ಲವೆಂಬುದಂತೂ ತಿಳಿದಿತ್ತು.

1966ರಿಂದ 1969ರ ಒಳಗೆ ಬಾಸ್ಟನ್ನಿನ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಗೆ 15ರಿಂದ 22 ವರ್ಷದೊಳಗಿನ ಏಳು ಮಂದಿ ತರುಣಿಯರು ಯೋನಿಮಾರ್ಗದ ಅಪೂರ್ವ ಜಾತಿಯ ಅರ್ಬುದದಿಂದ ಪೀಡಿತರಾಗಿ ಬಂದರು. ಆ ಸ್ಥಾನದ ಅರ್ಬುದವು ಸಾಮಾನ್ಯವಾಗಿ ಐವತ್ತು ದಾಟಿದವರಿಗೆ ಬರತಕ್ಕದ್ದು. ವೈದ್ಯರು ದಿಕ್ಕು ತೋರದೆ ಇದ್ದಾಗ, ರೋಗಿಗಳೊಳಗೊಬ್ಬಳ ತಾಯಿಯು, ತಾನು ಬಸುರಿಯಾಗಿದ್ದಾಗ ಸೇವಿಸಿದ ಡಿ.ಇ.ಎಸ್. ಇದಕ್ಕೆ ಕಾರಣವಾಗಿರಬಹುದೇ ಎಂದು ಕೇಳಿದಳು. ಹವರ್ಡ್ ಅಲ್‌ಫೆಲ್ಡರ್ ಎಂಬ ವೈದ್ಯರು ಆ ಪ್ರಶ್ನೆಯನ್ನು ತಾಯಿಯ ಸಂಕಟದ ಮಾತೆಂದು ತಳ್ಳಿಹಾಕಲಿಲ್ಲ. ಅವರೂ ಆರ್ಥರ್ ಹರ್ಬ್‌ಸ್ಟ್, ಡೇವಿಡ್ ಪೊಸ್ಕಾಂಜರ್ ಎಂಬವರೂ ಕೂಡಿ, ಬೇರೆಡೆಯ ಮತ್ತೊಬ್ಬ ರೋಗಿಯನ್ನೂ ಸೇರಿಸಿಕೊಂಡು, ಒಬ್ಬೊಬ್ಬಳಿಗೆ ನಾಲ್ವರಂತೆ, ಅದೇ ಕಾಲದಲ್ಲಿ ಅದೇ ಆಸ್ಪತ್ರೆಯಲ್ಲಿ ಜನಿಸಿ ಆರೋಗ್ಯವಾಗಿದ್ದ 32 ಮಂದಿಯನ್ನು ಹೋಲಿಕೆಗೆ ಆರಿಸಿಕೊಂಡರು. ರೋಗಿಗಳ ಎಂಟು ತಾಯಂದಿರಲ್ಲಿ ಏಳು ಮಂದಿ ಗರ್ಭಿಣಿಯಾಗಿದ್ದಾಗ ಡಿ.ಇ.ಎಸ್. ಸೇವಿಸಿದ್ದರು, ಉಳಿದ 32 ತಾಯಂದಿರಲ್ಲಿ ಒಬ್ಬಳೂ ಇಲ್ಲ. ಸಂಖ್ಯೆ ಸಣ್ಣದಾದರೂ ಸಂಶಯಕ್ಕೆ ಎಡೆ ಉಳಿಯಲಿಲ್ಲ.

ಇದು ಹೇಗೆ ಸಂಭವಿಸಿತು? ಗರ್ಭದಲ್ಲಿ ಹೆಣ್ಣುಶಿಶುವಿನ ಅಂಗಗಳು ರೂಪುಗೊಳ್ಳುವಾಗ ಯೋನಿಮಾರ್ಗದ ಒಳಪದರದಲ್ಲಿ ಮೊದಲು ಗ್ರಂಥಿಯ ಜಾತಿಯ ಜೀವಕೋಶಗಳಿದ್ದು, ಕ್ರಮೇಣ ಚಪ್ಪಟೆಯಾದ ಕೋಶಗಳು ಅವುಗಳ ಸ್ಥಾನಕ್ಕೆ ಬರುವುವು. ಡಿ.ಇ.ಎಸ್. ಈ ಮಾರ್ಪಾಟಿಗೆ ಅಡ್ಡಿ ಮಾಡುವುದು. ಹೋಗಬೇಕಾಗಿದ್ದ ಗ್ರಂಥಿಕೋಶಗಳು ಅಲ್ಲಲ್ಲಿ ಉಳಿದುಬಿಡುವುವು. ಬಾಲ್ಯದಲ್ಲಿ ಅವು ತಣ್ಣಗಿದ್ದು, ಪ್ರಾಯವು ಬಂದು ದೇಹದ ಸ್ವಂತ ಹಾರ್ಮೋನುಗಳು ಹೆಚ್ಚಿದ ಮೇಲೆ ಕೆಲವರಲ್ಲಿ ಅರ್ಬುದವಾಗಿ ಬೆಳೆಯುವುವು. ಸುಮಾರು ಹತ್ತೊಂಬತ್ತನೆಯ ವಯಸ್ಸಿನಲ್ಲಿ ರೋಗವು ಹೆಚ್ಚು ಕಂಡುಬಂದುದಕ್ಕೆ ಇದು ಕಾರಣವೆಂದು ಊಹೆ. ಭೀತಿಗೂ ಅಳತೆ ಬೇಕು. ಔಷಧ ತಾಕಿದ ಹೆಣ್ಣುಮಕ್ಕಳಲ್ಲಿ ಈ ಅರ್ಬುದವು ಬಂದುದು ಸುಮಾರು ಸಾವಿರಕ್ಕೆ ಒಬ್ಬಳಿಗೆ. ಗರ್ಭ ನಿಲ್ಲದಿರುವುದು, ದಿನ ತುಂಬುವ ಮೊದಲೇ ಹೆರಿಗೆಯಾಗುವುದು ಮೊದಲಾದ ತೊಂದರೆಗಳು ಅದಕ್ಕಿಂತ ಬಹಳ ಹೆಚ್ಚು ಮಂದಿಯನ್ನು ಬಾಧಿಸಿದುವು. ಕೂಸನ್ನು ಉಳಿಸಲೆಂದು ಕೊಟ್ಟ ಮದ್ದು ಮುಂದಿನ ತಲೆಮಾರಿನ ಕೂಸುಗಳನ್ನೇ ಕಾಡಿತು.

1971ರ ನವೆಂಬರಿನಲ್ಲಿ ಅಮೆರಿಕ ಸರ್ಕಾರದ ಔಷಧ ಇಲಾಖೆಯು ಇದನ್ನು ಗರ್ಭಿಣಿಯರಿಗೆ ಕೊಡಕೂಡದೆಂದು ಎಚ್ಚರಿಸಿತು; ಫ್ರಾನ್ಸಿನಲ್ಲಿ 1977ರವರೆಗೂ ಕೊಡಲಾಗುತ್ತಿತ್ತು. ಅಮೆರಿಕವೊಂದರಲ್ಲಿಯೇ ತಾಯಂದಿರೂ ಮಕ್ಕಳೂ ಸೇರಿ 50 ಲಕ್ಷದಿಂದ ಒಂದು ಕೋಟಿ ಮಂದಿಗೆ ಇದು ತಾಕಿತೆಂದು ಅಂದಾಜು. ಬಾಸ್ಟನ್ನಿನ ಆ ತಾಯಿಯಂತೆ ಪ್ರಶ್ನೆ ಕೇಳಲು ಇಂದು ಭಾರತದಲ್ಲಿಯೂ ಮಾರ್ಗವುಂಟು: 2010ರಲ್ಲಿ ಪ್ರಾರಂಭವಾಗಿ ಗಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗದಿಂದ ನಡೆಯುವ ಔಷಧ ಸುರಕ್ಷತೆಯ ಕಾರ್ಯಕ್ರಮಕ್ಕೆ ವೈದ್ಯರಲ್ಲದೆ ರೋಗಿಗಳೂ ಅವರ ಮನೆಯವರೂ ಔಷಧದಿಂದಾದ ತೊಂದರೆಯನ್ನು ತಿಳಿಸಬಹುದು. ಗರ್ಭಿಣಿಯಾಗಿದ್ದಾಗ ಸೇವಿಸಿದ ಔಷಧಗಳ ಚೀಟಿಗಳನ್ನು ಮಗುವಿನ ಜನನಪತ್ರದೊಡನೆ ಕಾಪಾಡಿಕೊಳ್ಳುವ ಮನೆಗಳು ವಿರಳ.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯು 1992ರಿಂದ ಆ ತಾಯಂದಿರನ್ನೂ ಮಕ್ಕಳನ್ನೂ ಸಾವಿರಗಟ್ಟಲೆಯಾಗಿ ಗುರುತಿಸಿ ಅವರ ಆರೋಗ್ಯವನ್ನು ಪರಿಶೀಲಿಸತೊಡಗಿತು. ಔಷಧ ಸೇವಿಸಿದ ತಾಯಂದಿರಲ್ಲಿ ಸ್ತನದ ಅರ್ಬುದವು ಇತರರಿಗಿಂತ ತುಸು ಹೆಚ್ಚೆಂದು ಕಂಡುಬಂದಿತು. ತರುವಾಯ ಆ ತಾಯಂದಿರ ಮೊಮ್ಮಕ್ಕಳನ್ನೂ ಪಟ್ಟಿಗೆ ಸೇರಿಸಲಾಯಿತು.