ಗುಂಡು ಬಿದ್ದ ಮನೆಯವರು ಏನು ಮಾಡಬೇಕು?

(ಶಹಾಪುರದಲ್ಲಿ ರೈತರ ಮುಂದೆ ಆಡಿದ ಮಾತು)



ಯಾದಗಿರಿ, ಶಹಾಪುರ, ಸುರಪುರದ ನಾವು ಕಾಲುವೆ ನೀರಿಗಾಗಿ, ಹತ್ತಿಯ ಬೆಲೆಗಾಗಿ ರಸ್ತೆಗೆ ಇಳಿಯುವ ಜನ. ಇಳಿದವನ ಎದುರಿಗೆ ಲಾಠಿ ಇರ್ತದ, ಲಾಠಿಯ ಹಿಂದೆ ಬಂದೂಕು. ಆದ್ದರಿಂದ ಈ ಮಾತು ಕಹಿಯಾದರೂ ಕೇಳಿರಿ. ಪೊಲೀಸರ ಕೈಯಲ್ಲಿ ಮನೆಯ ಮನುಷ್ಯ ಸತ್ತರೆ ಉಳಿದವರು ಯಾವ ಬಾಗಿಲು ತಟ್ಟಬೇಕು?

1980ರ ಜುಲೈ 21 ನಿಮಗೆ ನೆನಪಿದೆ. ಮಲಪ್ರಭಾ ಕಾಲುವೆಯ ಕರ ತಾಳಲಾರದೆ ಎದ್ದ ರೈತರ ಮೇಲೆ ನರಗುಂದ, ನವಲಗುಂದಗಳಲ್ಲಿ ಗುಂಡು ಹಾರಿತು. ಈರಪ್ಪ ಕಡ್ಲಿಕೊಪ್ಪ, ಬಸಪ್ಪ ಲಕ್ಕುಂಡಿ ಸತ್ತರು. ಅಂದು ನರಗುಂದದಲ್ಲಿ ಪೊಲೀಸರೂ ಸತ್ತರು, ಅದನ್ನು ಮುಚ್ಚಿಡುವುದು ನಮಗೆ ಶೋಭಿಸುವುದಿಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದವರ ಮೇಲೆ ಗುಂಡು ಹಾರಿಸಿದರು. ಸಿದ್ದಲಿಂಗಪ್ಪ ಚೂರಿ, ಪುಟ್ಟಪ್ಪ ಹೊನ್ನತ್ತಿ ಜೀವ ಕಳಕೊಂಡರು. ವರ್ಷಕ್ಕೊಮ್ಮೆ ನಾವು ಹಾರ ಹಾಕ್ತೀವಿ, ಘೋಷಣೆ ಕೂಗ್ತೀವಿ. ಹಾರ ಒಣಗಿದ ಮೇಲೆ ಇಂಥ ಮನೆಯ ಹೆಣ್ಣುಮಗಳ ಕೈಯಲ್ಲಿ ಯಾವ ಕಾಗದ ಇದೆ ಅಂತ ಕೇಳುವವರು ಎಷ್ಟು ಮಂದಿ?

ಗೋಲಿಬಾರ್ ಆದ ಕೂಡಲೇ ಸರ್ಕಾರ ಪರಿಹಾರ ಅನ್ನುತ್ತದೆ, ವಿಚಾರಣಾ ಆಯೋಗ ಅನ್ನುತ್ತದೆ. ಆಯೋಗವೆಂದರೆ ಕೋರ್ಟಲ್ಲ. 1952ರ ಕಾನೂನಿನ ಕೆಳಗೆ ಅದು ವರದಿ ಕೊಡಬಹುದು, ಶಿಕ್ಷೆ ಕೊಡಲಾರದು. ವರದಿಯನ್ನು ಸರ್ಕಾರ ಒಪ್ಪಲೇಬೇಕೆಂಬ ಕಟ್ಟೂ ಇಲ್ಲ. ಇನ್ನು ಪರಿಹಾರ. ಮಂಗಳೂರಿನಲ್ಲಿ 2019ರ ಡಿಸೆಂಬರ್ 19ರ ಗೋಲಿಬಾರಿನಲ್ಲಿ ಸತ್ತ ಇಬ್ಬರ ಮನೆಗೆ ತಲಾ 10 ಲಕ್ಷ ಎಂದು ಘೋಷಿಸಿ, ಒಂದು ವಾರ ಕಳೆಯುವುದರೊಳಗೆ ತನಿಖೆ ಮುಗಿಯುವ ತನಕ ಕೊಡುವುದಿಲ್ಲ ಎಂದರು. ಆ ಮನೆಯವರ ಜಾತಿ ಧರ್ಮ ನಮಗ್ಯಾಕೆ ಬೇಕು? ಗುಂಡಿಗೆ ಅದು ಗೊತ್ತಿಲ್ಲ.

ಒರಿಸ್ಸಾದ ಒಬ್ಬ ತಾಯಿಯ ಕಥೆ ಹೇಳ್ತೀನಿ. ನೀಲಬತಿ ಬೆಹೆರಾ. 1987ರ ಡಿಸೆಂಬರ್ 1ರಂದು ಇಪ್ಪತ್ತೆರಡರ ಮಗನನ್ನು ಪೊಲೀಸರು ಹಿಡಿದುಕೊಂಡು ಹೋದರು. ಮರುದಿನ ಹೆಣ ರೈಲು ಹಳಿಯ ಮೇಲೆ ಸಿಕ್ಕಿತು. ತಪ್ಪಿಸಿಕೊಂಡು ಓಡಿ ರೈಲಿಗೆ ಸಿಕ್ಕ ಅಂತ ಪೊಲೀಸರು ಹೇಳಿದರು. ಆಕೆ 1988ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದಳು. ಪತ್ರ ಅಷ್ಟೇ! ಕೋರ್ಟು ಅದನ್ನೇ ಅರ್ಜಿಯೆಂದು ತಗೊಂಡು, ಜಿಲ್ಲಾ ನ್ಯಾಯಾಧೀಶರಿಂದ ವಿಚಾರಣೆ ಮಾಡಿಸಿ, 1993ರಲ್ಲಿ ಒಂದೂವರೆ ಲಕ್ಷ ಕೊಡಿಸಿತು. ತಪ್ಪಿತಸ್ಥರ ಮೇಲೆ ಕ್ರಮ ಆಗಬೇಕೆಂದೂ ಹೇಳಿತು. ಠಾಣೆಯಲ್ಲಿ ಸತ್ತವನ ಮನೆಯವರಿಗೆ ಸರ್ಕಾರ ಕೊಡುವುದು ದಾನವಲ್ಲ, ಹಕ್ಕಿನ ಹಣ ಎಂಬುದು ಆ ತೀರ್ಪಿನಿಂದ ಗಟ್ಟಿಯಾಯಿತು. ಆದರೂ ಐದು ವರ್ಷ ಹಿಡಿಯಿತು ನೋಡ್ರಿ.

ಹೆಣವನ್ನು ಅವಸರದಲ್ಲಿ ಮಣ್ಣು ಮಾಡಬೇಡಿರಿ, ಸುಡಬೇಡಿರಿ. ಊರ ಹಿರಿಯರು, ಫೌಜದಾರರು ‘ಮುಗಿಸಿಬಿಡ್ರಿ’ ಅಂತ ಒತ್ತಾಯ ಮಾಡ್ತಾರೆ. ಎನ್‌ಕೌಂಟರ್ ಸಾವಿಗೆ 2014ರಲ್ಲಿ ಸುಪ್ರೀಂ ಕೋರ್ಟು ನಿಯಮ ಹಾಕಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಇಬ್ಬರು ಡಾಕ್ಟರು ಶವಪರೀಕ್ಷೆ ಮಾಡಬೇಕು, ವಿಡಿಯೋ ಆಗಬೇಕು. ತನಿಖೆ ಸಿಐಡಿ ಅಥವಾ ಬೇರೆ ಠಾಣೆಯ ತಂಡದ್ದು, ಗುಂಡು ಹಾರಿಸಿದವರದಲ್ಲ. ನಿಯಮ ಮೀರಿದರೆ ಸೆಷನ್ಸ್ ನ್ಯಾಯಾಧೀಶರಿಗೆ ಮನೆಯವರೇ ದೂರು ಕೊಡಬಹುದು. ಲಾಕಪ್ಪಿನಲ್ಲಿ ಸತ್ತರೆ ಮ್ಯಾಜಿಸ್ಟ್ರೇಟರ ವಿಚಾರಣೆ ಕಡ್ಡಾಯ, ಅಲ್ಲಿ ಕೂತು ಕೇಳಲು ನೆಂಟರಿಗೆ ಅವಕಾಶ ಕೊಡಬೇಕು.

ದೂರನ್ನು ಠಾಣೆ ತಗೊಳ್ಳದಿದ್ದರೆ ಎಸ್‌ಪಿ ಸಾಹೇಬರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿರಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಿರಿ. ಮಾನವ ಹಕ್ಕು ಆಯೋಗಕ್ಕೂ ಬರೆಯಿರಿ, ಆದರೆ ಒಂದು ವರ್ಷ ದಾಟಿದರೆ ಅದು ವಿಚಾರಣೆಗೆ ತಗೊಳ್ಳುವುದಿಲ್ಲ. ಗುಂಪಿನ ಮೇಲೆ ಗುಂಡು ಹಾರಿಸಿದ ಅಧಿಕಾರಿಯ ಮೇಲೆ ಮೊಕದ್ದಮೆ ಹೂಡಲು ಸರ್ಕಾರದ ಅನುಮತಿ ಬೇಕೆಂಬ ಗೋಡೆ 2024ರ ಜುಲೈನಿಂದ ಬಂದ ಹೊಸ ಸಂಹಿತೆಯಲ್ಲೂ ಹಾಗೇ ನಿಂತಿದೆ. ಅನೇಕ ಕೇಸುಗಳು ಅಲ್ಲೇ ಸಾಯ್ತಾವ. ಅದಕ್ಕೇ ಮೊದಲ ದಿನದ ಕಾಗದ ಬಲವಾಗಿರಬೇಕು.

ಖರ್ಚಿಗೆ ಹೆದರಿ ಸಾಹುಕಾರನ ಹತ್ತಿರ ಹೊಲ ಒತ್ತೆ ಇಡಬೇಡಿರಿ. ಕಾನೂನು ಸೇವಾ ಸಮಿತಿ ಶಹಾಪುರ, ಸುರಪುರದ ಕೋರ್ಟುಗಳಲ್ಲೇ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇದ್ದರೂ ಪುಕ್ಕಟೆ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಹೇಳುತ್ತದೆ. ಹಾಗಾಗಿ ಅರ್ಜಿಯನ್ನು ಸತ್ತವನ ಹೆಂಡತಿ ಅಥವಾ ತಾಯಿಯ ಹೆಸರಿನಲ್ಲಿ ಹಾಕಿರಿ. ಹೈಕೋರ್ಟಿಗೂ ಈಗ ಬೆಂಗಳೂರಿನ ತನಕ ಹೋಗಬೇಕಿಲ್ಲ. 2008ರಿಂದ ಕಲಬುರಗಿಯಲ್ಲೇ ಪೀಠವಿದೆ, ಮುಂಜಾನೆಯ ಬಸ್ಸಿಗೆ ಹೋಗಿ ಸಂಜೆಗೆ ಬರಬಹುದು. ಆಕೆಯ ಸಂಗಡ ಊರಿನಿಂದ ಇಬ್ಬರಾದರೂ ಹೋಗಿರಿ.