ದಿಕ್ಕು, ದೂರ ಮತ್ತು ನಮ್ಮ ಮಿದುಳು
(ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಭಾರತದ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಒಂದು ಬಗೆಯ ಪ್ರಶ್ನೆ ತಪ್ಪದೆ ಬರುತ್ತದೆ. ಒಬ್ಬನು ಮನೆಯಿಂದ ಉತ್ತರಕ್ಕೆ 6 ಕಿಲೋಮೀಟರು ನಡೆದು, ಬಲಕ್ಕೆ ತಿರುಗಿ 8 ಕಿಲೋಮೀಟರು, ಮತ್ತೆ ಬಲಕ್ಕೆ ತಿರುಗಿ 12 ಕಿಲೋಮೀಟರು ನಡೆಯುತ್ತಾನೆ. ಈಗ ಅವನು ಮನೆಯಿಂದ ಎಷ್ಟು ದೂರದಲ್ಲಿ, ಯಾವ ದಿಕ್ಕಿನಲ್ಲಿದ್ದಾನೆ?

ಇದನ್ನು ಬಿಡಿಸುವ ಕ್ರಮ ಸರಳವಾದುದು. ಮೊದಲು ಹಾಳೆಯ ಮೇಲ್ಭಾಗವನ್ನು ಉತ್ತರವೆಂದು ಗುರುತಿಸಿ ಪ್ರತಿಯೊಂದು ನಡಿಗೆಯನ್ನೂ ಗೆರೆಯಾಗಿ ಎಳೆಯಬೇಕು. ಉತ್ತರಕ್ಕೆ ಮುಖ ಮಾಡಿದವನ ಬಲ ಪೂರ್ವ. ಪೂರ್ವಕ್ಕೆ ಮುಖ ಮಾಡಿದವನ ಬಲ ದಕ್ಷಿಣ. ಬಳಿಕ ಎದುರುಬದುರು ದಿಕ್ಕುಗಳನ್ನು ಕಳೆಯಬೇಕು. ದಕ್ಷಿಣದ 12ರಲ್ಲಿ ಉತ್ತರದ 6 ಕಳೆದರೆ ಉಳಿಯುವುದು ದಕ್ಷಿಣಕ್ಕೆ 6, ಪೂರ್ವಕ್ಕೆ 8. ಕೊನೆಗೆ ಪೈಥಾಗೊರಸನ ಪ್ರಮೇಯ: 36 ಮತ್ತು 64 ಕೂಡಿದರೆ 100, ಅದರ ವರ್ಗಮೂಲ 10. ನಡೆದದ್ದು 26 ಕಿಲೋಮೀಟರಾದರೂ ಅವನು ಮನೆಯಿಂದ ಆಗ್ನೇಯದ ಕಡೆಗೆ 10 ಕಿಲೋಮೀಟರು ದೂರದಲ್ಲಿದ್ದಾನೆ.

ಮಕ್ಕಳು ಎಡವುವುದು ಗಣಿತದಲ್ಲಲ್ಲ, ತಿರುವಿನಲ್ಲಿ. ದಕ್ಷಿಣಕ್ಕೆ ನಡೆಯುವವನ ಬಲಗೈ ಹಾಳೆಯಲ್ಲಿ ನಮ್ಮ ಎಡಕ್ಕೆ ಬರುತ್ತದೆ. ಎಡಬಲಗಳು ದೇಹಕ್ಕೆ ಸೇರಿದವು, ದೇಹ ತಿರುಗಿದಂತೆ ಅವೂ ತಿರುಗುತ್ತವೆ. ಪೂರ್ವಪಶ್ಚಿಮಗಳು ಲೋಕಕ್ಕೆ ಸೇರಿದವು, ಕದಲುವುದಿಲ್ಲ. ಒಂದು ಲೆಕ್ಕದಿಂದ ಇನ್ನೊಂದಕ್ಕೆ ದಾಟುವುದೇ ಈ ಸಮಸ್ಯೆಯ ತಿರುಳು. ಹಾಳೆಯನ್ನೇ ತಿರುಗಿಸಿ ನೋಡಲು ಮಕ್ಕಳಿಗೆ ಹೇಳಿಕೊಟ್ಟರೆ ಗೊಂದಲ ಕರಗುತ್ತದೆ.

ನಮ್ಮ ನುಡಿಯೇ ಇಲ್ಲಿ ನೆರವಿಗೆ ಬರುತ್ತದೆ. ಸೂರ್ಯನು ಮೂಡುವ ಕಡೆ ಮೂಡಣ, ಪಡುವ ಕಡೆ ಪಡುವಣ. ಮೂಡುಬಿದಿರೆ, ಪಡುಬಿದ್ರಿ ಎಂಬ ಊರುಗಳ ಹೆಸರಿನಲ್ಲಿ, ಯಕ್ಷಗಾನದ ತೆಂಕುತಿಟ್ಟು, ಬಡಗುತಿಟ್ಟುಗಳಲ್ಲಿ ನಾಲ್ಕು ದಿಕ್ಕುಗಳೂ ಇಂದಿಗೂ ಬದುಕಿವೆ. ಮುಂಜಾನೆ ನೆರಳು ಎಡಕ್ಕೆ ಬಿದ್ದರೆ ಎಡಗಡೆ ಪಡುವಣ. ಆದುದರಿಂದ ಮುಖ ಬಡಗಣಕ್ಕೆ. ಪರೀಕ್ಷೆಯ ನೆರಳಿನ ಪ್ರಶ್ನೆಗಳಿಗೂ ಇದೇ ಕೀಲಿಕೈ.

ವೈದ್ಯರಾದ ನಮಗೆ ಈ ವಿಷಯ ಕುತೂಹಲಕರವಾಗುವುದು ಬೇರೊಂದು ಕಾರಣಕ್ಕೆ. ಮಿದುಳಿನಲ್ಲಿ ಹಿಪೊಕ್ಯಾಂಪಸ್ ಎಂಬ, ಕಡಲಕುದುರೆಯನ್ನು ಹೋಲುವ ಭಾಗವಿದೆ. ಅಲ್ಲಿ ಒಂದೊಂದು ತಾಣಕ್ಕೆ ಒಂದೊಂದು ಜೀವಕೋಶ ಸ್ಪಂದಿಸುವುದನ್ನು ಜಾನ್ ಓಕೀಫ್ ಅವರು 1971ರಲ್ಲಿ ಇಲಿಗಳಲ್ಲಿ ಕಂಡರು. ಅದರ ನೆರೆಯ ಎಂಟೊರೈನಲ್ ಕಾರ್ಟೆಕ್ಸ್‌ನಲ್ಲಿ, ಚುಕ್ಕಿಗಳ ನಡುವೆ ಚುಕ್ಕಿಯಿಟ್ಟ ರಂಗೋಲಿಯಂತೆ ನೆಲವನ್ನು ಅಳೆಯುವ ಕೋಶಗಳನ್ನು ಮೇ-ಬ್ರಿಟ್ ಮತ್ತು ಎಡ್ವರ್ಡ್ ಮೋಸರ್ ಅವರು 2005ರಲ್ಲಿ ವಿವರಿಸಿದರು. ಮೂವರಿಗೂ 2014ರಲ್ಲಿ ನೊಬೆಲ್ ಪುರಸ್ಕಾರ ದೊರೆಯಿತು. ಲಂಡನ್ನಿನ ಬೀದಿಗಳನ್ನು ಕಂಠಪಾಠ ಮಾಡಿದ ಟ್ಯಾಕ್ಸಿ ಚಾಲಕರಲ್ಲಿ ಹಿಪೊಕ್ಯಾಂಪಸ್ಸಿನ ಹಿಂಭಾಗ ದೊಡ್ಡದಾಗಿರುವುದನ್ನು ಎಲೀನರ್ ಮಗ್ವೈರ್ ಅವರ ತಂಡ 2000ರಲ್ಲಿ ತೋರಿಸಿತು.

ಆಲ್‌ಝೈಮರ್ ಕಾಯಿಲೆ ಸಾಮಾನ್ಯವಾಗಿ ಮೊದಮೊದಲು ಧಕ್ಕೆ ಮಾಡುವುದು ಇದೇ ಪ್ರದೇಶಕ್ಕೆ. ಆದಕಾರಣ ಪರದೇಶದಲ್ಲಿರುವ ನಾವು ಒಂದು ಮಾತನ್ನು ಮನದಲ್ಲಿಡಬೇಕು. ಆರು ತಿಂಗಳಿಗೆಂದು ಬಂದ ತಂದೆತಾಯಿ, ಒಂದೇ ತೆರನಾದ ಮನೆಗಳ ನಡುವೆ ಸಂಜೆಯ ನಡಿಗೆಯಲ್ಲಿ ದಾರಿ ತಪ್ಪಿದರೆ ಅಷ್ಟಕ್ಕೇ ಗಾಬರಿಯಾಗಬೇಕಿಲ್ಲ; ಹೊಸ ಊರು ಯಾರನ್ನಾದರೂ ದಿಕ್ಕುಗೆಡಿಸುತ್ತದೆ. ಆದರೆ ನಲವತ್ತು ವರ್ಷ ನಡೆದಾಡಿದ ಊರಿನಲ್ಲೇ ಅಪ್ಪ ತರಕಾರಿ ತರಲು ಹೋಗಿ ದಾರಿ ತಪ್ಪಿದರೆಂದು ತಮ್ಮನು ದೂರವಾಣಿಯಲ್ಲಿ ಹೇಳಿದಾಗ, ‘ವಯಸ್ಸಾಯಿತು’ ಎಂದು ನಕ್ಕು ಬಿಡಬಾರದು. ವೈದ್ಯರ ಬಳಿ ಕರೆದೊಯ್ಯಲು ಹೇಳಬೇಕು. ಥೈರಾಯ್ಡ್ ಕೊರತೆ, ಬಿ12 ಜೀವಸತ್ವದ ಕೊರತೆ, ಖಿನ್ನತೆ, ಕೆಲವು ಔಷಧಿಗಳ ಪರಿಣಾಮ ಇವು ಕೂಡ ಇಂತಹ ಮರೆವನ್ನು ತರಬಲ್ಲವು; ಇವುಗಳಿಗೆ ಚಿಕಿತ್ಸೆಯಿದೆ.

ಒಗಟು ಬಿಡಿಸಿದರೆ ಮರೆವಿನ ಕಾಯಿಲೆ ಬಾರದು ಎಂದು ನಾವು ಹೇಳಲಾರೆವು. ಆದರೂ ಅಜ್ಜ ಮೊಮ್ಮಕ್ಕಳು ಒಂದು ಹಾಳೆಯ ಮುಂದೆ ಕುಳಿತು ಅಜ್ಜನ ಊರಿನ ಬಾವಿ, ಗುಡಿ, ಶಾಲೆಗಳ ನಕ್ಷೆ ಬರೆದರೆ ಮಕ್ಕಳಿಗೆ ಮೂಡಣ ಪಡುವಣಗಳು ತಿಳಿಯುತ್ತವೆ, ತಾವು ಕಾಣದ ಊರೊಂದು ಪರಿಚಯವಾಗುತ್ತದೆ. ಅಜ್ಜನ ನೆನಪಿನ ಹಾದಿ ಹೇಗಿದೆ ಎಂಬುದೂ ನಮಗೆ ತಿಳಿದೀತು. ಈ ವಾರಾಂತ್ಯವೇ ಅದಕ್ಕೆ ಮೊದಲಾಗಲಿ.